ಪ್ಲೈವುಡ್‌ನಲ್ಲಿ ಪಾಸಾದ ಗುಂಡು

2022ರಲ್ಲಿ ನಾನು ಲಾಸ್ ಏಂಜಲೀಸ್‌ಗೆ ಪೂರ್ವದಲ್ಲಿರುವ ಪೊಮೊನಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥೆಯಾಗಿದ್ದೆ. ವಿಭಾಗ ಎಂದರೆ ನಾನು, ಉದ್ದನೆಯ ಒಂದು ಕಾಂಕ್ರೀಟ್ ಸುರಂಗ, ಕಬ್ಬಿಣದ ಚೌಕಟ್ಟಿಗೆ ಬಿಗಿದ ಒಂದು ಬಂದೂಕಿನ ನಳಿಗೆ, ಇಷ್ಟೇ. ಅಲ್ಲಿ ತಯಾರಾಗುತ್ತಿದ್ದದ್ದು ಬೇಟೆಯ ರೈಫಲ್‌ಗಳಿಗೆ ಬೇಕಾದ ತಾಮ್ರದ ಗುಂಡು. ಪೂರ್ತಿ ತೋಟಾ ಅಲ್ಲ. ಹಿತ್ತಾಳೆಯ ಕೋಶ, ಅದರೊಳಗಿನ ಮದ್ದು ಇವನ್ನೆಲ್ಲ ಬೇರೆಯವರು ಮಾಡುತ್ತಾರೆ. ನಮ್ಮದು ನಳಿಗೆಯಿಂದ ಹೊರಗೆ ಹಾರುವ ತುದಿಯ ಭಾಗ ಮಾತ್ರ. ಪ್ರಾಣಿಯನ್ನು ಕೊಲ್ಲುವುದು ಆ ಭಾಗವೇ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಆ ದಿನಗಳಲ್ಲಿ ಇದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ.

ನಾನು ಹುಬ್ಬಳ್ಳಿಯವಳು, ಲಿಂಗಾಯತರ ಮನೆಯವಳು. ಮೊಟ್ಟೆ ಹಾಕಿದ ಕೇಕನ್ನೂ ತಿನ್ನದೆ ಬೆಳೆದವಳು. ಓದಿದ್ದು ಲೋಹಶಾಸ್ತ್ರ. ಬರ್ಬ್ಯಾಂಕ್ ಕಡೆ ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಬಹಳ ವರ್ಷ ತಾಮ್ರದ ಮಿಶ್ರಲೋಹಗಳನ್ನು ಕಾಯಿಸಿ ಹದ ಮಾಡುವ ಕೆಲಸ ಮಾಡಿದ್ದೆ. 2020ರಲ್ಲಿ ಕೋವಿಡ್ ಬಂದು ವಿಮಾನಗಳೆಲ್ಲ ನೆಲ ಹಿಡಿದಾಗ ನಮಗೂ ಲೇಆಫ್ ಆಯಿತು. ಅಪ್ಲೈ ಮಾಡಿ ಮಾಡಿ ಸಾಕಾಗಿದ್ದಾಗ, ತಾಮ್ರ ಗೊತ್ತಿರುವವರು ಬೇಕು ಎಂದು ಕರೆದದ್ದು ಈ ಕಾರ್ಖಾನೆ ಒಂದೇ. ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿದ್ದಾರೆ. ಗುಂಡು ಬಿದ್ದ ಪ್ರಾಣಿಯ ಮೈಯಲ್ಲಿ ಉಳಿದ ಸೀಸವನ್ನು ತಿಂದು ಇಲ್ಲಿನ ದೊಡ್ಡ ರಣಹದ್ದುಗಳು ಸಾಯುತ್ತಿದ್ದವು. ಹಾಗಾಗಿ ತಾಮ್ರಕ್ಕೆ ಬೇಡಿಕೆ. ನಾನು ಮಾಡುತ್ತಿರುವುದು ಹದ್ದು ಉಳಿಸುವ ಕೆಲಸ ಎಂದು ಮೊದಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವಾಲ್‌ನಟ್, ಡೈಮಂಡ್ ಬಾರ್ ಊರುಗಳ ಕಡೆಯ ನಮ್ಮ ಕನ್ನಡದ ಬಳಗಕ್ಕೆ ನಾನು ‘ಕಾಪರ್ ಪಾರ್ಟ್ಸ್’ನಲ್ಲಿದ್ದೇನೆ ಎಂದಷ್ಟೇ ಗೊತ್ತಿತ್ತು. ಎಲೆಕ್ಟ್ರಿಕ್ ಕಾರಿಗೆ ಏನೋ ಮಾಡುತ್ತಿದ್ದಾಳೆ ಎಂದು ಅವರೇ ಊಹಿಸಿಕೊಂಡರು, ನಾನು ತಿದ್ದಲಿಲ್ಲ. ಅವ್ವನಿಗೆ ಫೋನಿನಲ್ಲಿ ತಾಮ್ರದ ಸಾಮಾನಿನ ಫ್ಯಾಕ್ಟರಿ ಎಂದಿದ್ದೆ. ‘ಹಂಗಾರ ಬರೂ ಮುಂದ ಒಂದು ಛಲೋ ಚರಗಿ ತೊಗೊಂಡು ಬಾರವಾ, ಪೂಜಾಕ್ಕ ಆಗ್ತೈತಿ’ ಎಂದಳು. ಮುಂದಿನ ಸಲ ಹೋಗುವಾಗ ಬೆಂಗಳೂರಿನ ಪಾತ್ರೆ ಅಂಗಡಿಯಲ್ಲಿ ಒಂದು ತಾಮ್ರದ ತಂಬಿಗೆ ಕೊಂಡು, ಅಂಟಿಸಿದ್ದ ಚೀಟಿ ಕಿತ್ತು, ನಮ್ಮಲ್ಲಿಯದೇ ಎಂದು ಅವಳ ಕೈಗೆ ಕೊಟ್ಟೆ. ಅವ್ವ ಅದನ್ನು ಓಣಿಗೆಲ್ಲ ತೋರಿಸಿ ಬಂದಳು. ನಿಜ ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ, ಅವರೂ ಆ ಮಾತನ್ನು ಎತ್ತುತ್ತಿರಲಿಲ್ಲ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಆಫ್ರಿಕಾದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರಲ್ಲಿ ಹೆಚ್ಚಿನವರು ಒಯ್ಯುವುದು ‘ತ್ರೀ ಸೆವೆಂಟಿಫೈವ್’ ಎಂಬ ಮಧ್ಯಮ ವ್ಯಾಸದ ರೈಫಲ್. ಅದರ ಗುಂಡಿನ ಅಡ್ಡಳತೆ ಪಾಯಿಂಟ್ ಮೂರು ಏಳು ಐದು ಇಂಚು, ಅಂದರೆ ಒಂಬತ್ತೂವರೆ ಮಿಲಿಮೀಟರ್. ಅಲ್ಲಿನ ಹಲವು ದೇಶಗಳಲ್ಲಿ ಕಾಡೆಮ್ಮೆಯಂಥ ಅಪಾಯದ ಪ್ರಾಣಿಗೆ ಇದಕ್ಕಿಂತ ಸಣ್ಣದನ್ನು ಬಳಸಲು ಕಾನೂನೇ ಬಿಡುವುದಿಲ್ಲ. ಗುಂಡಿನ ತೂಕವನ್ನು ಗ್ರೇನ್ ಎಂಬ ಹಳೆಯ ಅಳತೆಯಲ್ಲಿ ಹೇಳುವುದು ವಾಡಿಕೆ. ಈ ರೈಫಲ್‌ಗೆ ಮುನ್ನೂರು ಗ್ರೇನ್, ಅಂದರೆ ಸುಮಾರು ಹತ್ತೊಂಬತ್ತೂವರೆ ಗ್ರಾಂ ತೂಕದ ಗುಂಡು ಹಿಂದಿನಿಂದ ಬಂದದ್ದು. ಎಷ್ಟು ತೂಕದ ಗುಂಡು, ಹಿಂದೆ ಎಷ್ಟು ಮದ್ದು, ಅದರಿಂದ ಎಷ್ಟು ವೇಗ, ಈ ಮೂರರ ಜೋಡಣೆಗೆ ‘ಲೋಡ್’ ಎನ್ನುತ್ತಾರೆ. ಲೋಡ್ ಆರಿಸುವುದರಲ್ಲೇ ಬೇಟೆಗಾರನ ಅರ್ಧ ಬೇಟೆ ಇದೆ. ಭಾರದ ಗುಂಡು ಆಳಕ್ಕೆ ಹೋಗುತ್ತದೆ, ಆದರೆ ಹೊಡೆದವನ ಭುಜಕ್ಕೂ ಜೋರಾಗಿ ಒದೆಯುತ್ತದೆ. ಹಗುರದ ಗುಂಡು ವೇಗವಾಗಿ ಹೋಗುತ್ತದೆ, ಒದೆತ ಕಡಿಮೆ, ಆದರೆ ಗಟ್ಟಿ ಮೂಳೆ ಎದುರಾದಾಗ ಅದೇ ವೇಗವೇ ಅದಕ್ಕೆ ಮುಳುವಾಗಬಹುದು.

ತಾಮ್ರ ಬಂದ ಮೇಲೆ ಈ ಲೆಕ್ಕ ಸ್ವಲ್ಪ ಬದಲಾಯಿತು. ಸೀಸದ ಗುಂಡು ಒಳಗೆ ಹೋಗುತ್ತ ಚೂರುಚೂರಾಗಿ ತೂಕ ಕಳೆದುಕೊಳ್ಳುತ್ತದೆ, ಇಡೀ ತಾಮ್ರದ ಗುಂಡು ಕಳೆದುಕೊಳ್ಳುವುದಿಲ್ಲ. ಅದರ ಮೂತಿಯಲ್ಲಿ ಒಂದು ಸಣ್ಣ ಕುಳಿ ಇರುತ್ತದೆ. ಮೈಯೊಳಗೆ ಹೊಕ್ಕ ಕೂಡಲೇ ಮೂತಿ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳಬೇಕು, ಆದರೆ ಎಸಳು ಮುರಿಯಬಾರದು. ಎಸಳು ಉಳಿದರೆ ಹಗುರವಾದ ತಾಮ್ರದ ಗುಂಡು ಭಾರವಾದ ಸೀಸದ ಗುಂಡಿನ ಕೆಲಸವನ್ನು ಮಾಡಬಲ್ಲದು. ಈ ನಂಬಿಕೆಯ ಮೇಲೆ ನಾವು ಇನ್ನೂರೈವತ್ತು ಗ್ರೇನ್‌ನ ಹೊಸ ಗುಂಡೊಂದನ್ನು ತಯಾರಿಸಿದೆವು. ತಾಮ್ರವನ್ನು ಹದ ಮಾಡುವ ಕ್ರಮವನ್ನು ನಾನೇ ಗೊತ್ತುಮಾಡಿದ್ದೆ. ಅದನ್ನು ಪರೀಕ್ಷೆ ಮಾಡಿ ಪಾಸು ಮಾಡಬೇಕಾದವಳೂ ನಾನೇ.

ನನಗಿಂತ ಮುಂಚೆ ಇದ್ದವರು ಎರಡು ಹಂತದಲ್ಲಿ ಪರೀಕ್ಷೆ ಮಾಡುತ್ತಿದ್ದರು. ಮೊದಲನೆಯದು ಜೆಲಟಿನ್ ದಿಮ್ಮಿಗೆ ಹೊಡೆಯುವುದು. ಜೆಲಟಿನ್ ಮಾಂಸದಷ್ಟೇ ಮೆದು, ಗುಂಡು ಹೋದ ದಾರಿ ಅದರಲ್ಲಿ ಕಾಣುತ್ತದೆ. ಎರಡನೆಯದು, ದನದ ಭುಜದ ಹಸಿ ಮೂಳೆಯನ್ನು ಮಾಂಸದ ಅಂಗಡಿಯಿಂದ ತಂದು ಆ ದಿಮ್ಮಿಯ ಮುಂದೆ ನಿಲ್ಲಿಸಿ ಹೊಡೆಯುವುದು. ಜೆಲಟಿನ್ ಮಾಡುವುದು ಹಂದಿಯ ಚರ್ಮದಿಂದ. ಸೇರಿದ ಮೊದಲ ತಿಂಗಳಲ್ಲೇ ಅದನ್ನು ತೆಗೆದುಹಾಕಿ, ಎಣ್ಣೆಯಿಂದ ಮಾಡುವ ಸಿಂಥೆಟಿಕ್ ಜೆಲ್ ತರಿಸಿದೆ. ಕೆಡುವುದಿಲ್ಲ, ಕರಗಿಸಿ ಮತ್ತೆ ಬಳಸಬಹುದು. ಮಾಲೀಕ ಡಗ್ ನನ್ನ ಬೆನ್ನು ತಟ್ಟಿದ. ಅರವತ್ತು ದಾಟಿದ, ಲೇತ್ ಮುಂದೆಯೇ ಜೀವನ ಕಳೆದ ಮನುಷ್ಯ. ಆ ಬೆನ್ನು ತಟ್ಟಿಸಿಕೊಂಡ ಧೈರ್ಯದಲ್ಲಿ ಎರಡನೆಯ ಹೆಜ್ಜೆ ಇಟ್ಟೆ. ಮೂಳೆ ಒಂದರಂತೆ ಒಂದಿರುವುದಿಲ್ಲ, ಹಾಗಾಗಿ ಫಲಿತಾಂಶವನ್ನು ಹೋಲಿಸಲು ಬರುವುದಿಲ್ಲ, ಅದರ ಬದಲು ಒಂದೇ ದಪ್ಪದ ಪ್ಲೈವುಡ್ ಮತ್ತು ತೊಗಲಿನ ಹಾಳೆ ಇಡೋಣ ಎಂದು ಒಂದು ಮೀಟಿಂಗಿನಲ್ಲಿ ವಾದಿಸಿದೆ. ಚೆನ್ನಾಗಿಯೇ ವಾದಿಸಿದೆ, ಗ್ರಾಫ್ ತೋರಿಸಿದೆ. ಎಲ್ಲರೂ ಒಪ್ಪಿದರು.

ನಿಜವಾದ ಕಾರಣ ಬೇರೆ. ದನದ ಮೂಳೆಯನ್ನು ಕೈಯಲ್ಲಿ ಹಿಡಿಯಲು ನನ್ನಿಂದಾಗುತ್ತಿರಲಿಲ್ಲ. ಬೆಳಗ್ಗೆ ಲಿಂಗಪೂಜೆ ಮಾಡಿದ ಕೈ ಅದು. ಅದನ್ನು ನೆಟ್ಟಗೆ ಹೇಳಿಬಿಟ್ಟಿದ್ದರೆ ಯಾರೂ ನಗುತ್ತಿರಲಿಲ್ಲ. ಹೇಳಲು ನಾಚಿಕೆಯಾಗಿ, ನನ್ನ ಹೇಸಿಗೆಗೆ ವಿಜ್ಞಾನದ ಅಂಗಿ ತೊಡಿಸಿ ಮೀಟಿಂಗಿನಲ್ಲಿ ಕೂರಿಸಿದೆ. ಪ್ಲೈವುಡ್ ಮುಂದೆ ಹೊಸ ಗುಂಡು ಹೂವಿನ ಹಾಗೆ ಅರಳಿತು. ನಾಲ್ಕಕ್ಕೆ ನಾಲ್ಕೂ ಎಸಳು ಉಳಿದವು. ವರ್ಷದ ಕೊನೆಗೆ ಅದು ಮಾರುಕಟ್ಟೆಗೆ ಹೋಯಿತು.

2023ರ ಯುಗಾದಿ ಕಳೆದ ಶನಿವಾರ ವಾಲ್‌ನಟ್‌ನಲ್ಲಿ ಗೆಳತಿ ಶುಭಾಳ ಮನೆಯಲ್ಲಿ ಹಬ್ಬದ ಊಟವಿತ್ತು. ಸ್ಯಾನ್ ಡಿಯಾಗೋದಿಂದ ಬೋಪಯ್ಯ ಅಂಕಲ್ ಬಂದಿದ್ದರು. ಅವರು ಕೊಡಗಿನವರು, ಟೆಲಿಕಾಂ ಇಂಜಿನಿಯರ್ ಆಗಿ ರಿಟೈರ್ ಆದವರು, ಎಪ್ಪತ್ತು ದಾಟಿದೆ. ಹೆಂಡತಿ ತೀರಿಹೋದ ಮೇಲೆ ಸ್ಯಾನ್ ಡಿಯಾಗೋ ಅಂಚಿನ ಪೋವೇಯಲ್ಲಿ ಒಬ್ಬರೇ ಇದ್ದಾರೆ. ಶುಭಾಳ ಗಂಡ ನಾಗೇಂದ್ರ ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದವನು, ಆ ಸಲಿಗೆಯಿಂದ ಕರೆಯುತ್ತಾನೆ. ಊಟಕ್ಕೆ ಅಂಕಲ್ ನನ್ನ ಪಕ್ಕದಲ್ಲೇ ಕೂತರು. ಒಬ್ಬಟ್ಟು ಮುರಿಯುತ್ತ, ಮೇ ತಿಂಗಳಲ್ಲಿ ಆಫ್ರಿಕಾಕ್ಕೆ ಹೋಗುತ್ತಿದ್ದೇನೆ ಎಂದರು. ಸಫಾರಿ ನೋಡಲಿಕ್ಕಲ್ಲ, ಕಾಡೆಮ್ಮೆಯ ಬೇಟೆಗೆ.

ಮೇಜಿನ ಸುತ್ತ ಕೂತಿದ್ದವರೆಲ್ಲ ಸಸ್ಯಾಹಾರಿಗಳು. ಅಂಕಲ್ ತಮ್ಮ ಪಾಡಿಗೆ ಮಾತಾಡಿದರು. ಅವರ ಮನೆಯಲ್ಲಿ ಮಗು ಹುಟ್ಟಿದರೆ ಮುಗಿಲಿಗೆ ಗುಂಡು ಹಾರಿಸುತ್ತಾರಂತೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರಂತೆ. ಆದರೆ ಅವರು ಬೆಳೆದು ದೊಡ್ಡವರಾಗುವ ಹೊತ್ತಿಗೆ ನಮ್ಮ ದೇಶದಲ್ಲಿ ಬೇಟೆ ನಿಂತಿತ್ತು. ತಂದೆ ಹೇಳುತ್ತಿದ್ದ ಕಾಟಿಯ, ಅಂದರೆ ಕಾಡುಕೋಣದ ಬೇಟೆಯ ಕಥೆ ಕೇಳಿದ್ದೇ ಬಂತು. ಒಂದು ಸಲ, ಕಾನೂನಿನ ಒಳಗೆ, ನಡೆದು ಹೋಗಿ, ಎದುರಿಗೆ ನಿಂತು ಮಾಡಬೇಕು ಎನ್ನುವುದು ಅವರ ಆಸೆ. ವಯಸ್ಸು ನೋಡಿದರೆ ಇದೇ ಕೊನೆಯ ಅವಕಾಶ ಎಂದೂ ಹೇಳಿದರು.

ನಾಗೇಂದ್ರ ಬಿಡುವವನಲ್ಲ. ‘ಅಂಕಲ್, ಎಮ್ಮೆ ಹೊಡಿಯೋಕೆ ಅಷ್ಟು ದೂರ ಯಾಕೆ ಹೋಗ್ತೀರಾ? ಇಲ್ಲೇ ಪಕ್ಕದ ಚೀನೋದಲ್ಲಿ ಡೇರಿ ಇದಾವಲ್ಲ’ ಎಂದ. ಇಡೀ ಮೇಜು ನಕ್ಕಿತು. ನಾನೂ ನಕ್ಕೆ. ಸ್ವಲ್ಪ ಜೋರಾಗಿಯೇ ನಕ್ಕೆ ಎಂದು ಈಗ ನೆನಪಾಗುತ್ತದೆ.

ಅಂಕಲ್ ಬೇಸರ ಮಾಡಿಕೊಳ್ಳಲಿಲ್ಲ. ಎರಡು ವರ್ಷದ ಹಿಂದೆ ಬಲ ಭುಜಕ್ಕೆ ಆಪರೇಷನ್ ಆಗಿದೆ, ಮುನ್ನೂರು ಗ್ರೇನ್ ಲೋಡಿನ ಒದೆತ ತಡೆಯುವುದಿಲ್ಲ, ಪುಣ್ಯಕ್ಕೆ ಪೊಮೊನಾದ ಯಾವುದೋ ಸಣ್ಣ ಕಂಪನಿ ಇನ್ನೂರೈವತ್ತರ ತಾಮ್ರದ ಗುಂಡು ತಂದಿದೆ, ಅದರಿಂದಲೇ ಈ ಪ್ರಯಾಣ ಸಾಧ್ಯವಾಯಿತು ಎಂದು ನನ್ನ ಕಡೆ ತಿರುಗಿ ವಿವರಿಸಿದರು. ನಾನು ಇಂಜಿನಿಯರ್ ಎಂದು ಅವರಿಗೆ ಗೊತ್ತಿತ್ತು. ಕಾಡೆಮ್ಮೆಗೆ ಭುಜದ ಮೂಳೆ ಮುರಿಯುವ ಹಾಗೆ ಹೊಡೆಯಬೇಕು, ಇಲ್ಲದಿದ್ದರೆ ಅದು ಗಾಯದೊಂದಿಗೆ ಪೊದೆ ಸೇರುತ್ತದೆ. ಆಮೇಲೆ ಹೆಜ್ಜೆ ಹಿಡಿದು ಅದರ ಹಿಂದೆ ಪೊದೆಯೊಳಗೆ ಹೋಗಬೇಕಾದವರು ಅಲ್ಲಿನ ಟ್ರ್ಯಾಕರ್‌ಗಳು, ಕೈಯಲ್ಲಿ ಬಂದೂಕಿಲ್ಲದವರು ಎಂದರು.

‘ನಾನು ಮುದುಕ, ನಂದೇನಾದ್ರೂ ಆಗ್ಲಿ ಗಿರಿಜಾ. ಮುಂದೆ ನಡಿಯೋರಿಗೆ ಹೆಂಡ್ತಿ ಮಕ್ಕಳಿರ್ತಾರೆ. ಗುಂಡು ನಂಬಿಕಸ್ಥ ಆಗಿರ್ಬೇಕು’ ಎಂದರು. ಆಮೇಲೆ ಸಹಜವಾಗಿ, ‘ನೀವೂ ಪೊಮೊನಾದಲ್ಲೇ ಅಲ್ವಾ, ತಾಮ್ರದ ಕೆಲಸ? ಆ ಕಂಪನಿ ಹೇಗೆ, ಗೊತ್ತಾ?’ ಎಂದು ಕೇಳಿದರು.

ಎದುರಿಗೆ ಶುಭಾ ಕೋಸಂಬರಿ ಬಡಿಸುತ್ತಿದ್ದಳು. ‘ಹೆಸರು ಕೇಳಿದೀನಿ ಅಂಕಲ್’ ಎಂದೆ.

ಆ ಮಾತು ಹೇಳಿದ ಕ್ಷಣವೇ ಮೈ ಬಿಸಿಯಾಯಿತು. ಸುಳ್ಳು ಹೇಳಿದ್ದಕ್ಕೆ ಮಾತ್ರವಲ್ಲ. ‘ಭುಜದ ಮೂಳೆ’ ಎಂಬ ಮಾತು ಕಿವಿಗೆ ಬಿದ್ದಾಗಲೇ, ಈ ಗುಂಡು ಒಂದೇ ಒಂದು ಮೂಳೆಯನ್ನೂ ಕಂಡಿಲ್ಲ ಎಂಬುದು ನನಗೆ ಹೊಳೆದಿತ್ತು. ಅಲ್ಲಿಯವರೆಗೆ ಅದನ್ನು ಹಾಗೆ ಯೋಚಿಸಿಯೇ ಇರಲಿಲ್ಲ. ಪಾಸಾಗಿದೆ ಎಂದರೆ ಪಾಸಾಗಿದೆ. ಈಗ ಗುಂಡಿನ ಆ ಕಡೆ ಒಬ್ಬ ಮನುಷ್ಯ ಕಂಡ, ಅವನ ಮುಂದೆ ಇನ್ನೊಬ್ಬ ಬರಿಗೈಯಲ್ಲಿ ನಡೆಯುತ್ತಿದ್ದ.

ಸೋಮವಾರವೇ ಮೂಳೆ ತಂದು ಪರೀಕ್ಷೆ ಮಾಡಬೇಕಿತ್ತು. ಮಾಡಲಿಲ್ಲ. ಪ್ಲೈವುಡ್ ಮೂಳೆಗಿಂತ ಮೆತ್ತಗೇನಲ್ಲ ಎಂದು ಲೆಕ್ಕ ಹಾಕಿ ನೋಡಿಕೊಂಡೆ. ಬೇರೆ ಕಂಪನಿಗಳ ಫಲಿತಾಂಶ ಓದಿದೆ. ಕಾಡೆಮ್ಮೆಗೆ ಹೊಡೆದು ಯಶಸ್ವಿಯಾದ ಗಿರಾಕಿಯ ಮೇಲ್ ಯಾವುದಾದರೂ ಬಂದಿದೆಯೇ ಎಂದು ಹುಡುಕಿದೆ, ಬಂದಿರಲಿಲ್ಲ. ಗುಂಡು ಹೊಸದು, ಅಲ್ಲಿ ಬೇಟೆಯ ಕಾಲವೂ ಇನ್ನೂ ಶುರುವಾಗಿರಲಿಲ್ಲ. ಏಪ್ರಿಲ್ ಹೀಗೆ ಕಳೆಯಿತು. ರಾತ್ರಿ ಊಟಕ್ಕೆ ಕೂತಾಗ ಗಂಡ, ‘ಏನಾಗಿದೆ ನಿನಗೆ, ಅನ್ನ ಆರಿಹೋಯ್ತು’ ಎನ್ನುವಷ್ಟು ದಿನ ಇದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ.

ಅಂಕಲ್ ಹೊರಡುವುದಕ್ಕೆ ಒಂದು ವಾರ ಉಳಿದಿದ್ದಾಗ, ಒಂದು ಶನಿವಾರ ಬೆಳಗ್ಗೆ ಸ್ನಾನ ಮಾತ್ರ ಮಾಡಿ, ಪೂಜೆಗೆ ಕೂರದೆ, ಪೊಮೊನಾದ ಮೆಕ್ಸಿಕನ್ ಮಾಂಸದ ಅಂಗಡಿಯೊಂದಕ್ಕೆ ಹೋದೆ. ಅಂಥ ಅಂಗಡಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ದನದ ಭುಜದ ಮೂಳೆ ಬೇಕು, ಕತ್ತರಿಸಬೇಡಿ, ಇಡೀ ಇರಲಿ ಎಂದೆ. ಸೂಪಿಗಾ ಎಂದು ಅಂಗಡಿಯವನು ಪ್ರೀತಿಯಿಂದ ಕೇಳಿದ. ಹೌದು ಎಂದೆ. ಯಾರಿಗೆ ಏನು ಹೇಳಬೇಕಾದರೂ ಬಾಯಿಗೆ ಸುಳ್ಳೇ ಮೊದಲು ಬರುವಷ್ಟು ಅಭ್ಯಾಸವಾಗಿತ್ತು ನನಗೆ. ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು, ಕಿಟಕಿ ಇಳಿಸಿ, ಮೂಗಿಗೆ ದುಪಟ್ಟಾ ಹಿಡಿದು ಕಾರ್ಖಾನೆಗೆ ಡ್ರೈವ್ ಮಾಡಿದೆ.

ರಜೆಯ ದಿನವೂ ಡಗ್ ಬಂದು ಏನಾದರೂ ರಿಪೇರಿ ಮಾಡುತ್ತಿರುತ್ತಾನೆ. ನಾನು ಎರಡೆರಡು ಗ್ಲೌಸ್ ಹಾಕಿಕೊಂಡು ಸುರಂಗದ ಬಾಗಿಲಲ್ಲಿ ಆ ಚೀಲವನ್ನೇ ನೋಡುತ್ತ ನಿಂತಿದ್ದಾಗ ಒಳಗೆ ಬಂದ. ಚೀಲದಲ್ಲಿದ್ದದ್ದನ್ನು ನೋಡಿದ, ನಾನು ಅದಕ್ಕೆ ಕೈ ಹಾಕದೆ ನಿಂತಿರುವುದನ್ನು ನೋಡಿದ. ಏನೂ ಕೇಳದೆ ಒಂದೊಂದೇ ಮೂಳೆ ತೆಗೆದು, ಜೆಲ್ ದಿಮ್ಮಿಯ ಮುಂದೆ ನಿಲ್ಲಿಸಿ, ತಂತಿಯಿಂದ ಬಿಗಿದುಕೊಟ್ಟ. ಎಲ್ಲ ಮುಗಿಯಲು ಒಂದು ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಿತು. ಅಷ್ಟು ಹೊತ್ತಿನ ಕೆಲಸವನ್ನು ತಪ್ಪಿಸಿಕೊಳ್ಳಲು ನಾನು ತಿಂಗಳುಗಟ್ಟಲೆ ಗ್ರಾಫ್ ಬರೆದಿದ್ದೆ.

ಬಾಗಿಲು ಮುಚ್ಚಿ, ಕಿವಿಗೆ ರಕ್ಷಣೆ ಹಾಕಿಕೊಂಡು, ಬಂದೂಕಿನ ಕುದುರೆಗೆ ಕಟ್ಟಿದ ಹಗ್ಗ ಎಳೆದೆ. ಮೊದಲ ಗುಂಡು ಮೂಳೆಯನ್ನು ಒಡೆದು ಒಳಗೆ ಹೋಗಿತ್ತು, ಆದರೆ ಮೂರು ಎಸಳು ಮುರಿದು ಮೂಳೆಯ ಹಿಂದೆಯೇ ಬಿದ್ದಿದ್ದವು. ಎರಡನೆಯದರ ಒಂದು ಬದಿಯ ಎಸಳುಗಳು ಮಾತ್ರ ಮುರಿದಿದ್ದವು. ಹಾಗಾಗಿ ಗುಂಡು ಅಡ್ಡ ತಿರುಗಿ, ದಿಮ್ಮಿಯ ಪಕ್ಕದಿಂದ ಹೊರಗೆ ಹಾರಿ ಗೋಡೆಗೆ ಬಡಿದಿತ್ತು. ಹೃದಯ ಇರಬೇಕಾದ ಜಾಗದ ಹತ್ತಿರಕ್ಕೂ ಅದು ಹೋಗಿರಲಿಲ್ಲ. ಮೂರನೆಯದೂ ಹಾಗೆಯೇ. ಪ್ಲೈವುಡ್ ಎಲ್ಲ ಕಡೆ ಒಂದೇ ಸಮ, ಗುಂಡು ಅದಕ್ಕೆ ನೇರವಾಗಿ ತಗಲುತ್ತದೆ. ಮೂಳೆ ಹಾಗಲ್ಲ. ಅದಕ್ಕೆ ಇಳಿಜಾರಿದೆ, ಅಂಚಿದೆ, ಹೊರಗೆ ಕಲ್ಲು, ಒಳಗೆ ಸ್ಪಂಜು. ಅಂಥದ್ದಕ್ಕೆ ಆ ವೇಗದಲ್ಲಿ ಓರೆಯಾಗಿ ಬಡಿದರೆ ನಾನು ಹದ ಮಾಡಿದ ತಾಮ್ರ ತಡೆಯುತ್ತಿರಲಿಲ್ಲ. ಕುಳಿ ಆಳವಾಗಿತ್ತು, ಎಸಳು ತೆಳುವಾಗಿತ್ತು. ಹಳೆಯ ಪದ್ಧತಿಯಲ್ಲಿ ಪರೀಕ್ಷೆ ಮಾಡಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದ ತಪ್ಪು ಇದು.

ಡಗ್ ಮುರಿದ ಎಸಳುಗಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದ. ಮೂಳೆಯನ್ನು ಯಾಕೆ ಬಿಟ್ಟೆ ಎಂದು ಕೇಳಿದ. ಈ ಸಲ ನಿಜ ಹೇಳಿದೆ: ಮುಟ್ಟಲು ಆಗಲಿಲ್ಲ, ನಮ್ಮ ಮನೆತನ ಹಾಗೆ, ಹೇಳಲು ನಾಚಿಕೆಯಾಯಿತು. ಅವನು ಬೈಯಲಿಲ್ಲ. ‘ಇಡುವುದಕ್ಕೆ ನಾನಿದ್ದೆನಲ್ಲ. ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು’ ಎಂದ. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಆ ಗುಂಡಿನ ಮಾರಾಟವನ್ನು ಅವತ್ತೇ ನಿಲ್ಲಿಸಿದ, ಕೊಂಡವರಿಗೆಲ್ಲ ಬಳಸಬೇಡಿ ಎಂದು ಮೇಲ್ ಕಳಿಸಿದ. ಅಷ್ಟರೊಳಗೆ ಯಾರ ಕೈಯಲ್ಲಾದರೂ ಯಾವ ಪ್ರಾಣಿಯಾದರೂ ಅರ್ಧ ಜೀವವಾಗಿ ಓಡಿಹೋಯಿತೋ ಏನೋ, ನನಗೆ ಇಂದಿಗೂ ಗೊತ್ತಿಲ್ಲ. ಸತ್ತ ದನದ ಮೂಳೆ ಮುಟ್ಟಿದರೆ ಪಾಪ ಎಂದುಕೊಂಡವಳು, ಬದುಕಿರುವ ಪ್ರಾಣಿ ನರಳುವ ಹಾಗೆ ಮಾಡುವ ಗುಂಡಿಗೆ ಸಹಿ ಹಾಕಿದ್ದೆ. ನನ್ನ ಅಹಿಂಸೆಯ ಯೋಗ್ಯತೆ ಇಷ್ಟು.

ಮೇಲ್ ಅಂಕಲ್‌ಗೂ ಹೋಗಿರುತ್ತದೆ, ಅವರು ಓದಿಕೊಳ್ಳುತ್ತಾರೆ ಎಂದು ಬಿಡಬಹುದಿತ್ತು. ಆ ಆಸೆ ಬಂದದ್ದೂ ನಿಜ. ಮರುದಿನ ಭಾನುವಾರ ಒಬ್ಬಳೇ ಸ್ಯಾನ್ ಡಿಯಾಗೋ ಕಡೆ ಹೊರಟೆ. ಟೆಮೆಕ್ಯುಲಾ ದಾಟುವವರೆಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ, ಆಮೇಲೆ ಅದೂ ಮರೆತುಹೋಯಿತು. ಅಂಕಲ್ ಗರಾಜಿನಲ್ಲಿದ್ದರು. ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವ ರೂಢಿ ಅವರದು. ಮೇಜಿನ ಮೇಲೆ ಹಿತ್ತಾಳೆಯ ಕೋಶಗಳ ತುದಿಯಲ್ಲಿ ನಮ್ಮ ಗುಂಡುಗಳು ಕೆಂಪಗೆ ಹೊಳೆಯುತ್ತ ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ರೈಫಲ್ ಪೆಟ್ಟಿಗೆ ತೆರೆದಿತ್ತು. ಮೇಲ್ ನೋಡಿರಲಿಲ್ಲ. ಹಬೆಯಾಡುವ ಕಾಫಿ ಮಾಡಿ ತಂದು ಕೊಟ್ಟರು, ಏನು ವಿಶೇಷ ಎಂದು ಕೇಳಿದರು.

ನಿಂತೇ ಹೇಳಿದೆ. ಈ ಗುಂಡು ಮಾಡಿದವಳು ನಾನು, ಮೂಳೆಯ ಪರೀಕ್ಷೆ ಬಿಟ್ಟವಳೂ ನಾನು, ನಿನ್ನೆ ಮಾಡಿ ನೋಡಿದೆ, ಎಸಳು ಮುರಿಯುತ್ತದೆ, ಇದನ್ನು ಒಯ್ಯಬೇಡಿ ಎಂದೆ. ಚೀಲದಿಂದ ಮುರಿದ ಗುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಬಹಳ ಹೊತ್ತು ತಿರುಗಿಸಿ ನೋಡಿದರು. ಪರೀಕ್ಷೆ ಯಾಕೆ ಬಿಟ್ಟಿರಿ ಎಂದು ಕೇಳಿದರು, ಕಾರಣ ಹೇಳಿದೆ. ತಲೆಯಾಡಿಸಿದರು. ತಪ್ಪು ಯಾರಿಂದಲೂ ಆಗುತ್ತದೆ, ನಾವೂ ಇಂಜಿನಿಯರ್‌ಗಳೇ ಅಲ್ಲವೇ ಎಂದರು. ನನಗೆ ಸ್ವಲ್ಪ ಉಸಿರು ಬಂದಂತಾಯಿತು. ಆಮೇಲೆ ಅವರು ಕನ್ನಡಕ ತೆಗೆದರು.

‘ಗುಂಡಿಂದು ಬಿಡಿ ಗಿರಿಜಾ. ಆವತ್ತು ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ರಿ. ನಾನೊಬ್ಬ ಕೊಲೆಗಡುಕ ಅನ್ನೋ ಹಾಗೆ ಎಲ್ಲರೂ ನಕ್ಕರು. ನೀವೂ ನಕ್ರಿ.’

ನೆಲ ಬಿರಿಯಬಾರದೇ ಎನ್ನುತ್ತಾರಲ್ಲ, ಹಾಗೆ ಅನಿಸಿತು. ಅವರು ಮಾತು ಬೆಳೆಸಲಿಲ್ಲ. ಕಾಫಿ ಆರುತ್ತಿದೆ, ಕುಡಿಯಿರಿ ಎಂದರು. ಕುಡಿದೆ.

ಮರುದಿನ ರಜೆ ಹಾಕಿ, ಅವರ ಜೊತೆಗೇ ಊರಾಚೆಯ ಶೂಟಿಂಗ್ ರೇಂಜಿಗೆ ಹೋದೆ. ಬೇರೆ ಕಂಪನಿಯ ಮುನ್ನೂರು ಗ್ರೇನ್ ಗುಂಡು ಒಂದು ಡಬ್ಬಿ ಅವರ ಬಳಿ ಇತ್ತು, ನಂಬಿಕಸ್ಥವಾದ ಹಳೆಯ ಲೋಡ್. ಮೊದಲನೆಯದಕ್ಕೆ ಹಲ್ಲು ಕಚ್ಚಿಕೊಂಡರು. ಎರಡನೆಯದಕ್ಕೆ ಮುಖ ಬಿಳುಚಿತು. ಮೂರನೆಯದಕ್ಕೆ, ಬಂದೂಕಿನ ಕುದುರೆ ಎಳೆಯುವ ಮುಂಚೆಯೇ ಕಣ್ಣು ಮುಚ್ಚಿಹೋಗಿ ಗುಂಡು ಗುರಿಯ ಹಲಗೆಗೇ ತಾಗಲಿಲ್ಲ. ಮದ್ದು ಕಡಿಮೆ ಮಾಡಿ ಅವರ ಭುಜ ತಡೆಯುವ ಲೋಡ್ ಒಂದನ್ನು ಹೊಂದಿಸಬಹುದಿತ್ತು. ಆದರೆ ಹಾಗೆ ಹೊಂದಿಸಿ, ಗುರಿ ಕೂಡಿಸಿ, ಭರವಸೆ ಬರುವವರೆಗೆ ಹೊಡೆದು ನೋಡಲು ವಾರಗಳು ಬೇಕು. ನಾನು ಸುಮ್ಮನೆ ಕಳೆದ ಏಪ್ರಿಲ್ ತಿಂಗಳು ಅದಕ್ಕೆ ಸಾಕಾಗುತ್ತಿತ್ತು. ಈ ಲೆಕ್ಕ ನನಗೆ ಹೊಳೆದ ಹಾಗೆಯೇ ಅವರಿಗೂ ಹೊಳೆದಿರಬೇಕು. ಅವರು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

‘ನನ್ನ ಖುಷಿಗೆ ಇನ್ನೊಬ್ಬನ್ನ ಪೊದೆಗೆ ಕಳ್ಸೋಕಾಗಲ್ಲ’ ಎಂದು ರೈಫಲನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಕಾಡೆಮ್ಮೆ ಬೇಡವೆಂದು ಅಲ್ಲಿಯವರಿಗೆ ಅವತ್ತೇ ಮೇಲ್ ಮಾಡಿದರು. ಜಿಂಕೆಗೆ ಆಗುವ ಸಣ್ಣ ರೈಫಲ್ ಒಂದನ್ನು ಮಾತ್ರ ಒಯ್ದರು. ಹೋಗಿ ಬಂದರು. ಬೇರೆಯವರು ಕಾಡೆಮ್ಮೆಯ ಹಿಂದೆ ಹೋದಾಗ ಕ್ಯಾಂಪಿನಲ್ಲಿ ಕೂತು ಪುಸ್ತಕ ಓದಿದರಂತೆ.

ಡಗ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕುಳಿಯ ಆಳ ಕಡಿಮೆ ಮಾಡಿ, ತಾಮ್ರದ ಹದ ಬದಲಾಯಿಸಿ, ಮತ್ತೆ ಮತ್ತೆ ಮೂಳೆಯ ಮುಂದೆ ಹೊಡೆದು, ಬೇಸಿಗೆ ಮುಗಿಯುವ ಹೊತ್ತಿಗೆ ಗುಂಡನ್ನು ಸರಿಪಡಿಸಿದೆವು. ಈಗಲೂ ನಾನು ಮೂಳೆ ಮುಟ್ಟುವುದಿಲ್ಲ. ಬೇರೆಯವರು ನಿಲ್ಲಿಸಿಕೊಡುತ್ತಾರೆ, ನಾನು ಹಗ್ಗ ಎಳೆಯುತ್ತೇನೆ. ಯಾರಿಗೂ ಅದೊಂದು ದೊಡ್ಡ ವಿಷಯವಲ್ಲ.

ಅದೇ ವರ್ಷ ದೀಪಾವಳಿಗೆ ಮತ್ತೆ ಶುಭಾಳ ಮನೆಯಲ್ಲಿ ಸೇರಿದೆವು. ನಾಗೇಂದ್ರ, ‘ಏನ್ ಅಂಕಲ್, ಎಮ್ಮೆ ಮಿಸ್ಸಾಯ್ತಂತೆ?’ ಎಂದು ಶುರು ಮಾಡಿದ. ‘ಭುಜ ಕೈ ಕೊಡ್ತಪ್ಪ, ವಯಸ್ಸಾಯ್ತಲ್ಲ’ ಎಂದರು ಅಂಕಲ್. ನನ್ನ ಕಡೆ ನೋಡಲೂ ಇಲ್ಲ. ಮತ್ತೆ ಎಲ್ಲರೂ ನಗಲು ತಯಾರಾದರು. ನಾನು ತಟ್ಟೆ ಕೆಳಗಿಟ್ಟೆ.

‘ಭುಜದ್ದಲ್ಲ ತಪ್ಪು. ಅವರು ತಗೊಂಡಿದ್ದ ಗುಂಡು ಸರಿ ಇರ್ಲಿಲ್ಲ. ಅದನ್ನ ಮಾಡಿದ್ದು ನಾನು. ನಾನು ಕೆಲಸ ಮಾಡೋದು ಗುಂಡಿನ ಫ್ಯಾಕ್ಟರಿಲಿ, ಮೂರು ವರ್ಷದಿಂದ’ ಎಂದೆ.

ಶುಭಾ ಸೌಟು ಹಿಡಿದು ನನ್ನನ್ನೇ ನೋಡಿದಳು. ನಾನು ಕಾಯುತ್ತಿದ್ದದ್ದು ಇದೇ ಗಳಿಗೆಗೆ, ಇಷ್ಟು ವರ್ಷ ಹೆದರಿದ್ದೂ ಇದಕ್ಕೇ. ನಾಗೇಂದ್ರ ಕೆಮ್ಮಿ ಗಂಟಲು ಸರಿಮಾಡಿಕೊಂಡ. ‘ಓ, ಹೌದಾ? ನಿಮ್ಮಲ್ಲಿ ಮೆಕ್ಯಾನಿಕಲ್‌ನವರನ್ನ ತಗೋತಾರಾ ಗಿರಿಜಾ? ನನ್ನ ಕಸಿನ್ ಒಬ್ಬ ಪೊಮೊನಾದಲ್ಲೇ ಎಂಎಸ್ ಮುಗಿಸ್ತಿದಾನೆ’ ಎಂದ. ಹೆಲ್ತ್ ಇನ್ಶೂರೆನ್ಸ್ ಹೇಗಿದೆ ಎಂದು ಇನ್ನೊಬ್ಬರು ಕೇಳಿದರು. ಶುಭಾ, ಇನ್ನೊಂಚೂರು ಬಿಸಿಬೇಳೆಬಾತ್ ಹಾಕ್ಲಾ ಎಂದಳು. ಅಷ್ಟಕ್ಕೇ ಮುಗಿಯಿತು. ಬೋಪಯ್ಯ ಅಂಕಲ್ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು.

ಯಾರಾದರೂ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪರೀಕ್ಷೆ ಮಾಡುವವರಿಗೆ ಈ ವೃತ್ತಿ ಕಲಿಸುವುದು ಬಹಳವಿದೆ: ಅಳತೆ, ತಾಳ್ಮೆ, ಅನುಮಾನ. ನನಗೆ ಅದು ಕಲಿಸಿದ್ದು, ಕೈಲಾಗದ್ದನ್ನು ಕೈಲಾಗದು ಎಂದು ಬಾಯಿ ಬಿಟ್ಟು ಹೇಳುವುದು ಕೂಡ ಪರೀಕ್ಷೆಯ ಒಂದು ಭಾಗ ಎನ್ನುವುದನ್ನು. ಹೇಳದೆ ಉಳಿದದ್ದು ಎಲ್ಲೂ ಹೋಗುವುದಿಲ್ಲ, ಯಾರದೋ ಕೈಯಲ್ಲಿರುವ ವಸ್ತುವಿನೊಳಗೆ ಸೇರಿಕೊಳ್ಳುತ್ತದೆ. ಇದನ್ನು ನಾನು ಕಲಿತೆ, ಆದರೆ ಅದರ ಬೆಲೆ ತೆತ್ತವಳು ನಾನಲ್ಲ. ನಾನು ಯಾರ ಮುಖಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ, ಅವರಿಗೆ ಅದು ಎರಡು ತುತ್ತಿನ ನಡುವಿನ ಮಾತು. ಬೋಪಯ್ಯ ಅಂಕಲ್ ಮತ್ತೆ ಆಫ್ರಿಕಾಕ್ಕೆ ಹೋಗಲಿಲ್ಲ.